ಕ್ಲಾಸಿಕಲ್ ಗಿಟಾರ್‌ಗೆ ಬೆಲ್ಟ್ ಹಾಕಬಹುದಾ?

ಸರ್, ಸ್ಟೂಲ್ ಮೇಲೆ ಎಡಗಾಲಿಟ್ಟು ಅರ್ಧ ಗಂಟೆ ನುಡಿಸಿದರೆ ಸೊಂಟ ಹಿಡಿದುಕೊಳ್ಳುತ್ತದೆ, ಬೆಲ್ಟ್ ಹಾಕಬಹುದಾ ಎಂದು ಕೇಳಿದ್ದೀರಿ. ಮೇಷ್ಟ್ರು ನಕ್ಕುಬಿಟ್ಟರು ಅಂತಲೂ ಬರೆದಿದ್ದೀರಿ. ನಗಲಿ ಬಿಡಿ. ಸ್ಪೇನಿನ ಗಿಟಾರ್ ವಾದಕ ಅಗ್ವಾದೊ 19ನೇ ಶತಮಾನದಲ್ಲೇ ಗಿಟಾರನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ನುಡಿಸಿದವರು. ಬೆಲ್ಟ್ ಯಾವ ಮಹಾ!

ಆದರೆ ಕುಳಿತೇ ನುಡಿಸಿ. ಎರಡೂ ಪಾದ ನೆಲದ ಮೇಲಿರಲಿ, ಸ್ಟೂಲ್ ಮಾಡುತ್ತಿದ್ದ ಕೆಲಸವನ್ನು ಬೆಲ್ಟ್ ಮಾಡಲಿ. ಗಿಟಾರಿನ ತಲೆ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಷ್ಟು ಬಿಗಿ ಮಾಡಿ. ಎಡಗೈ ಪೂರ್ತಿ ತೆಗೆದರೂ ನೆಕ್ ಕೆಳಗೆ ವಾಲಬಾರದು. ವಾಲಿದರೆ ಅಷ್ಟು ಹೊತ್ತೂ ಗಿಟಾರನ್ನು ಹೊತ್ತಿದ್ದು ನಿಮ್ಮ ಎಡಗೈಯೇ. ಹೆಬ್ಬೆರಳು ಸುಮ್ನೆ ನೋಯಲ್ಲ, ಅಲ್ವಾ?

ಅಗ್ಗಕ್ಕೆ ಸಿಗೋದು ಕೊಕ್ಕೆಯ ಬೆಲ್ಟ್. ಕುತ್ತಿಗೆಗೆ ಹಾಕಿಕೊಂಡು, ಗಿಟಾರಿನ ಅಡಿಯಿಂದ ಮುಂದಕ್ಕೆ ತಂದು ಸೌಂಡ್‌ಹೋಲಿನ, ಅಂದರೆ ನಡುವಿನ ದುಂಡು ತೂತಿನ, ಅಂಚಿಗೆ ಸಿಕ್ಕಿಸಬೇಕು. ತೂತು ಕೊರೆಯುವ ಗೋಜಿಲ್ಲ, ನಿಜ. ಆದರೆ ಕೈಬಿಟ್ಟರೆ ಗಿಟಾರ್ ಮುಂದಕ್ಕೆ ಮಗುಚುತ್ತದೆ. ಮೇಲಿನ ಹಲಗೆ ಸ್ಪ್ರೂಸೋ ಸೀಡರೋ ಇರುತ್ತದೆ, ಉಗುರು ಒತ್ತಿದರೂ ಗುರುತು ಬೀಳುವಷ್ಟು ಮೆದು. ಕೊಕ್ಕೆ ಅದನ್ನು ತಿನ್ನದೆ ಬಿಡಲ್ಲ. ನನಗೆ ಇಷ್ಟವಿಲ್ಲ.

ನನ್ನ ಕೇಳಿದರೆ ಬೆಲ್ಟ್ ಸಿಕ್ಕಿಸಲು ಎರಡು ಪಿನ್ ಹಾಕಿಸಿ. ಒಂದು ತಳದ, ಅಂದರೆ ನೆಕ್‌ಗೆ ಎದುರು ತುದಿಯ, ಮಧ್ಯದಲ್ಲಿ, ಇನ್ನೊಂದು ನೆಕ್ ಬಂದು ಸೇರುವ ಹೀಲಿನಲ್ಲಿ. ಆ ಎರಡೂ ಕಡೆ ದಪ್ಪ ಮರ ಇರುತ್ತದೆ. ಪಕ್ಕದ ಹಲಗೆಯ ದಪ್ಪ ಎರಡು ಮಿಲಿಮೀಟರ್ ಆಸುಪಾಸು, ಅಲ್ಲಿ ಸ್ಕ್ರೂ ತಿರುಗಿಸಿದರೆ ಬಿರುಕು ಬಿಟ್ಟಂತೆಯೇ. ಮೊದಲು ಸ್ಕ್ರೂಗಿಂತ ಸಣ್ಣ ತೂತು, ಸ್ಕ್ರೂಗೆ ಒಂಚೂರು ಮೇಣ, ಪಿನ್ ಅಡಿಗೆ ಫೆಲ್ಟ್ ವಾಷರ್. ಗಿಟಾರ್ ರಿಪೇರಿ ಮಾಡುವವರ ಹತ್ತಿರವೇ ಹೋಗಿ. ಸೊಸೈಟಿಗೆ ಕಪಾಟು ಮಾಡಲು ಬಂದ ಬಡಗಿಯ ಕೈಗೆ ದಯವಿಟ್ಟು ಕೊಡಬೇಡಿ. ಹೀಲಿನಲ್ಲಿ ಬೇಡ ಅನ್ನಿಸಿದರೆ ತಳದ ಪಿನ್ ಒಂದೇ ಸಾಕು. ಬೆಲ್ಟಿನ ಇನ್ನೊಂದು ತುದಿಯನ್ನು ದಾರದಿಂದ ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಆಚೆಗೆ, ತಂತಿಗಳ ಅಡಿಯಲ್ಲಿ ಕಟ್ಟಿ. ಕೈಯಲ್ಲೇ ತಯಾರಿಸಿದ ದುಬಾರಿ ಗಿಟಾರ್ ಆಗಿದ್ದರೆ ಮಾತ್ರ ಕೊರೆಯುವ ಮುಂಚೆ ಎರಡು ಸಲ ಯೋಚಿಸಿ, ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ.

ರಬ್ಬರ್ ಕಪ್ಪಿನಿಂದ ಗಿಟಾರಿಗೆ ಅಂಟಿ, ಅದನ್ನು ತೊಡೆಯಿಂದ ಎತ್ತಿ ಹಿಡಿಯುವ ಸಪೋರ್ಟ್ ಬಗ್ಗೆಯೂ ಕೇಳಿದ್ದೀರಿ. ಸಾಮಾನ್ಯ ಪಾಲಿಶ್‌ಗೆ ಪರವಾಗಿಲ್ಲ. ಅರಗಿನ ಫ್ರೆಂಚ್ ಪಾಲಿಶ್ ಆಗಿದ್ದರೆ ಬೇಡವೇ ಬೇಡ, ಕಲೆ ಉಳಿಯುತ್ತದೆ.

ಮುಂಬೈ ಮಳೆಗೆ ಚರ್ಮದ ಬೆಲ್ಟ್ ಆಗಿಬರಲ್ಲ. ಜುಲೈಯಲ್ಲಿ ಕೇಸಿನೊಳಗೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಎರಡಿಂಚು ಅಗಲದ ಹತ್ತಿ ಬೆಲ್ಟ್ ತಗೊಳ್ಳಿ. ತುದಿಯ ತೂತು ಪಿನ್ನಿಗೆ ತೀರಾ ಬಿಗಿಯಾದರೆ ಸ್ಟೇಷನ್ ಹೊರಗಿನ ಮೋಚಿ ಒಂದು ನಿಮಿಷದಲ್ಲಿ ಸರಿ ಮಾಡಿಕೊಡುತ್ತಾನೆ. ನುಡಿಸಿದ ಮೇಲೆ ಬೆಲ್ಟ್ ಬಿಚ್ಚಿ ಬೇರೆ ಇಡಿ, ರೆಕ್ಸಿನ್ ತುದಿಯಾದರೆ ಪಾಲಿಶ್‌ಗೆ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು. ನೀವು ಡೊಂಬಿವಲಿ ಲೋಕಲ್‌ನಲ್ಲಿ ಕ್ಲಾಸಿಗೆ ಹೋಗೋರು. ಗರ್ದಿಯಲ್ಲಿ ಬ್ಯಾಗ್ ನೆಟ್ಟಗೆ ನೆಲಕ್ಕೂರಿದರೆ ಗಿಟಾರಿನ ಪೂರ್ತಿ ಭಾರ ತಳದ ಪಿನ್ ಮೇಲೆ ಬೀಳುತ್ತದೆ. ಬ್ಯಾಗಿನ ಅಡಿಗೆ ಹಳೇ ಟವೆಲ್ ಒಂದನ್ನು ಉಂಗುರದ ಹಾಗೆ ಸುತ್ತಿ, ಪಿನ್ ಅದರ ನಡುವೆ ಬರುವಂತೆ ಇಡಿ.