ರಾತ್ರಿ ನಾಲ್ಕು ಸಲ ಏಳುವ ಅಪ್ಪನನ್ನು ಸ್ಪೆಷಲಿಸ್ಟ್‌ಗೆ ತೋರಿಸಬೇಕಾ?

ನಿಮ್ಮ ತಂದೆಗೆ 66 ವರ್ಷ, ರಾತ್ರಿ ನಾಲ್ಕು ಸಲ ಒಂದಕ್ಕೆ ಏಳುತ್ತಾರೆ, ನೋವೇನೂ ಇಲ್ಲ, ಕೇಳಿದರೆ "ವಯಸ್ಸಾಯ್ತು ಬಿಡು" ಅಂತಾರೆ. ಚಿಕ್ಕಮಗಳೂರಿನ ನಮ್ಮ ಮಾಮೂಲಿ ಡಾಕ್ಟರು ಸಾಕಾ, ಸ್ಪೆಷಲಿಸ್ಟ್ ಬೇಕಾ ಅಂತ ಕೇಳಿದ್ದೀರಿ. ಮೊದಲು ಮಾಮೂಲಿ ಡಾಕ್ಟರಿಗೇ ತೋರಿಸಿ, ಆದರೆ ಈ ವಾರವೇ ತೋರಿಸಿ. ನಮ್ಮ ಅಪ್ಪನಿಗೂ ಹೀಗೇ ಆಗುತ್ತಿತ್ತು, ನೋವು ಬಂದ ಮೇಲೆ ನೋಡೋಣ ಅಂತ ನಾವು ಕಾದೆವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರದ ಹತ್ತಿರ ತೋಟದ ಮನೆ. ಬಚ್ಚಲು ಹಿತ್ತಲಲ್ಲಿದೆ. ಅಪ್ಪ ರಾತ್ರಿ ಎದ್ದರೆ ಹಿತ್ತಲ ಬಾಗಿಲ ಚಿಲಕ ತೆಗೆಯುವ ಸದ್ದು ನನ್ನ ಕೋಣೆಗೆ ಕೇಳುತ್ತದೆ. ಮೊದಲು ಒಂದು ಸಲ ಕೇಳುತ್ತಿತ್ತು. ಎರಡು ವರ್ಷದಲ್ಲಿ ಅದು ನಾಲ್ಕೈದಾಯಿತು. ಹೋದವರು ಬೇಗ ವಾಪಸ್ ಬರುತ್ತಲೂ ಇರಲಿಲ್ಲ. ಕೇಳಿದರೆ "ಚಳಿ ಕಣೋ" ಅನ್ನುತ್ತಿದ್ದರು. ಉಷ್ಣ ಆಗಿರಬೇಕು ಅಂತ ಅಮ್ಮ ಬಾರ್ಲಿ ನೀರು ಕೊಡುತ್ತಿದ್ದರು. ಅಪ್ಪನ ಹತ್ತಿರ ಇದನ್ನೆಲ್ಲ ಮಾತಾಡಲು ನನಗೂ ಮುಜುಗರ, ಸುಮ್ನೆ ಇದ್ದುಬಿಟ್ಟೆ.

ಕಾಫಿ ಕೊಯ್ಲಿನ ಹೊತ್ತಿನಲ್ಲಿ ಅವರಿಗೆ ನೆಗಡಿ ಆಯಿತು. ಮೆಡಿಕಲ್ ಶಾಪಿನಿಂದ ನೆಗಡಿ ಮಾತ್ರೆ ತಂದುಕೊಟ್ಟೆ. ಮಾರನೇ ದಿನ ಸಂಜೆಯಿಂದ ಒಂದು ಹನಿ ಮೂತ್ರ ಬರಲಿಲ್ಲ. ಅಮ್ಮ ಇನ್ನೆರಡು ಲೋಟ ಬಾರ್ಲಿ ನೀರು ಕುಡಿಸಿದರು, ಕಷ್ಟ ಜಾಸ್ತಿಯೇ ಆಯಿತು. ಕಿಬ್ಬೊಟ್ಟೆ ಉಬ್ಬಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಾಸನಕ್ಕೆ 40 ಕಿಲೋಮೀಟರ್. ಒಂದೊಂದು ಹಂಪ್ ಬಂದಾಗಲೂ ಅಪ್ಪ ಎರಡೂ ಕೈಯೂರಿ ಸೀಟಿನಿಂದ ಮೈ ಎತ್ತಿ ಹಿಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ಪೈಪ್ ಹಾಕಿದ ಮೇಲೆ ಚೀಲದಲ್ಲಿ ಹತ್ತಿರ ಹತ್ತಿರ ಒಂದು ಲೀಟರ್ ತುಂಬಿತು. ನಮ್ಮ ಮೂತ್ರಕೋಶ ಸಾಮಾನ್ಯವಾಗಿ ಹಿಡಿಯುವುದು 400ರಿಂದ 500 ಎಂ.ಎಲ್. ಅಷ್ಟೇ.

ಡಾಕ್ಟರು ಮೊದಲು ಕೇಳಿದ್ದು "ಯಾವ ಮಾತ್ರೆ ತಗೊಂಡ್ರಿ?" ಅಂತ. ಗಂಡಸರಿಗೆ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡ ಹಾಗೆ ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ವಯಸ್ಸಾದಂತೆ ಅದು ದಪ್ಪವಾಗಿ ನಾಳವನ್ನು ಒತ್ತುತ್ತದೆ. ಕಟ್ಟಿದ ಮೂಗು ಬಿಡಿಸುವ ಔಷಧಿ ಮೂತ್ರಕೋಶದ ಬಾಯನ್ನೂ ಬಿಗಿ ಮಾಡಬಹುದು. ಮೊದಲೇ ಕಿರಿದಾದ ದಾರಿ, ಪೂರ್ತಿ ಮುಚ್ಚಿಹೋಯಿತು. ವರ್ಷಗಟ್ಟಲೆ ತಿಣುಕಿ ತಿಣುಕಿ ಮೂತ್ರಕೋಶದ ಗೋಡೆಯೂ ದಪ್ಪಗಾಗಿತ್ತು. ಮೊದಲೇ ಬಂದಿದ್ದರೆ ಬಹುಶಃ ಮಾತ್ರೆಯಲ್ಲೇ ಮುಗಿಯುತ್ತಿತ್ತು ಅಂದರು. ನಮಗೆ ಆಪರೇಷನ್ನೇ ಆಯಿತು.

ಆದ್ದರಿಂದ ನಿಮ್ಮ ತಂದೆಯವರನ್ನು ಬಿಡಿಸಿ ಕೇಳಿ. ಶುರುವಾಗಲು ಕಾಯಬೇಕಾ? ಧಾರೆ ಸಣ್ಣಗಾಗಿದೆಯಾ? ಮುಗಿದ ಮೇಲೂ ಇನ್ನೂ ಉಳಿದ ಹಾಗೆ ಅನಿಸುತ್ತದಾ? ಒಂದು ಅಳತೆ ಮಗ್ ಕೊಟ್ಟು, ಎಷ್ಟು ಹೊತ್ತಿಗೆ ಎಷ್ಟು ಹೋಯಿತು ಅಂತ ಮೂರು ದಿನ ಬರೆದಿಡಿ. ಪ್ರತಿ ಸಲವೂ ತುಂಬ ಹೋಗುತ್ತಿದ್ದರೆ ಅದು ಶುಗರ್ ಇರಬಹುದು, ಸ್ವಲ್ಪ ಸ್ವಲ್ಪವೇ ಹೋದರೆ ಪ್ರಾಸ್ಟೇಟ್ ಅನುಮಾನ ಬರುತ್ತದೆ. ಮಾಮೂಲಿ ಡಾಕ್ಟರು ಶುಗರ್, ಯೂರಿನ್ ಟೆಸ್ಟ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ), ಹೊಟ್ಟೆ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಒಂದಕ್ಕೆ ಹೋಗಿಬಂದ ಮೇಲೂ ಜಾಸ್ತಿ ಮೂತ್ರ ಉಳಿದದ್ದು ಕಂಡರೆ, ಅಥವಾ ಮಾತ್ರೆಗೆ ಬಗ್ಗದಿದ್ದರೆ ಯುರಾಲಜಿಸ್ಟ್ ಬೇಕು. ನೆಫ್ರಾಲಜಿಸ್ಟ್ ಅಲ್ಲ. ಅವರು ಕಿಡ್ನಿ ಸೋಸುವ ಕೆಲಸ, ಡಯಾಲಿಸಿಸ್ ನೋಡುವವರು. ಕಲ್ಲು, ಮೂತ್ರನಾಳ, ಪ್ರಾಸ್ಟೇಟ್ ಎಲ್ಲ ಯುರಾಲಜಿಸ್ಟ್ ನೋಡುತ್ತಾರೆ.

ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಇಷ್ಟೆಲ್ಲ ಯೋಚನೆ ಮಾಡುತ್ತಾ ಕೂರಬೇಡಿ. ಒಂದೇ ಸಲ ಬಂದು ನಿಂತರೂ, ನೋವಿಲ್ಲದಿದ್ದರೂ ಯುರಾಲಜಿಸ್ಟ್ ಹತ್ತಿರ ಹೋಗಲೇಬೇಕು. ಬೀಡಿ ಸಿಗರೇಟು ಸೇದಿದವರಂತೂ ಒಂದು ದಿನವೂ ತಳ್ಳಬಾರದು. ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ಹೀಗೇ, ನೋವೇ ಇಲ್ಲದೆ, ಒಮ್ಮೆ ರಕ್ತ ತೋರಿಸಿ ಸುಮ್ಮನಾಗುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ, ಅಥವಾ ಪಕ್ಕೆ ನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಅನ್ನಬೇಡಿ, ಅದೇ ರಾತ್ರಿ ಹೊರಡಿ.

ಮನೆಯ ಹೆಂಗಸರನ್ನೂ ಉರಿಮೂತ್ರ ಇದೆಯಾ ಅಂತ ಒಂದು ಮಾತು ಕೇಳಿ. ಹಣ್ಣು ಕೊಯ್ಯಲು ಬರುವವರು ತೋಟದಲ್ಲಿ ಒಂದಕ್ಕೆ ಹೋಗಲು ಜಾಗ ಇಲ್ಲ ಅಂತ ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ನಾನೇ ನೋಡಿದ್ದೇನೆ. ಉರಿಮೂತ್ರದ ಇನ್ಫೆಕ್ಷನ್ ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷಕ್ಕೆ ಮೂರು ಸಲ ಬಂದರೆ, ಅದೇ ಆಂಟಿಬಯಾಟಿಕ್ ಮತ್ತೆ ಮತ್ತೆ ನುಂಗದೆ ಸ್ಪೆಷಲಿಸ್ಟ್‌ಗೆ ತೋರಿಸಬೇಕು.

ಹೋಗುವಾಗ ನಿಮ್ಮ ತಂದೆ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರಿನಲ್ಲಿ ಹಾಕಿಕೊಳ್ಳಿ, ನೆಗಡಿ ಮಾತ್ರೆಯೂ ಇರಲಿ. ಇನ್ನೊಂದು, ಸ್ಕ್ಯಾನಿಂಗ್‌ಗೆ ಮೂತ್ರಕೋಶ ತುಂಬಿರಬೇಕು. ಮನೆಯಿಂದ ಹೊರಡುವಾಗ ಒಂದಕ್ಕೆ ಹೋಗಿಯೇ ಹೊರಡಲಿ. ನೀರನ್ನು ಸ್ಕ್ಯಾನಿಂಗ್ ಸೆಂಟರ್ ತಲುಪಿದ ಮೇಲೆ ಕುಡಿಸಿ, ಬಸ್ಸಿನಲ್ಲಿ ಪಾಪ ಒದ್ದಾಡುವುದು ತಪ್ಪುತ್ತದೆ.