ಮಣ್ಣಾದ ಮೈ ಮತ್ತೆ ಹೆಂಗ ಏಳತದ ಎಂದು ಕೇಳುವ ಅತ್ತೆಗೆ ಏನು ಹೇಳಲಿ?

ನೀವು ಬರೆದದ್ದು ಇಷ್ಟು: ರಾಯಚೂರಿನ ಹತ್ತಿರದ ಹಳ್ಳಿ, ಮೆಥೋಡಿಸ್ಟ್ ಕ್ರೈಸ್ತ ಮನೆತನ, ಅತ್ತೆಗೆ ಕ್ಯಾನ್ಸರ್, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ ಡಾಕ್ಟರು. ನೀವು ಲಿಂಗಾಯತರ ಮನೆಯಿಂದ ಬಂದ ಸೊಸೆ. ರಾತ್ರಿ ನಿದ್ದೆ ಬಾರದಾಗ ಅವರು ಕೇಳುವುದು ಎರಡೇ ಮಾತು. ಮಣ್ಣಾದ ಮೈ ಹೆಂಗ ಏಳತದ? ಪುಣೆಯಲ್ಲಿ ತೀರಿಕೊಂಡು ಅಲ್ಲೇ ದಹನವಾದ ಹಿರಿಮಗ ಸಿಗತಾನೇನು?

ಮೊದಲು ಎರಡು ಪದಗಳ ಗಂಟು ಬಿಡಿಸಿಕೊಳ್ಳಿ. ಪುನರ್ಜನ್ಮ, ಪುನರುತ್ಥಾನ ಎರಡೂ ಕಿವಿಗೆ ಒಂದೇ ಥರ ಬೀಳುತ್ತವೆ, ಅರ್ಥ ಮಾತ್ರ ಬೇರೆ. ಪುನರ್ಜನ್ಮದಲ್ಲಿ ಆತ್ಮ ಬೇರೆ ದೇಹ ಹಿಡಿಯುತ್ತದೆ. ಪುನರುತ್ಥಾನದಲ್ಲಿ ಏಳುವವಳು ಇದೇ ಹೆಂಗಸು, ಇದೇ ಹೆಸರಿನವಳು. ‘ಆತ್ಮ ದೇವರ ಹತ್ತಿರ ಹೋಯಿತು’ ಎಂಬ ಸಮಾಧಾನ ಸುಳ್ಳಲ್ಲ, ಆದರೆ ಅರ್ಧ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ದೇಹವೂ ಏಳುತ್ತದೆ ಎಂಬ ಮಾತಿದೆ. ಅತ್ತೆ ಕೇಳುತ್ತಿರುವುದು ಆ ಉಳಿದರ್ಧವನ್ನು.

ಈ ಪ್ರಶ್ನೆ ಯೇಸುವಿನ ಅಪೊಸ್ತಲ ಪೌಲನಿಗೂ ಬಂದಿತ್ತು. ಅವನು ಕೊಟ್ಟ ಉತ್ತರ ಬೈಬಲಿನ 1 ಕೊರಿಂಥ 15ರ 35ರಿಂದ 44ನೇ ವಚನಗಳಲ್ಲಿದೆ, ಬೀಜದ ಮಾತು. ಎರೆಹೊಲದವರಿಗೆ ಇದನ್ನು ಪ್ರಸಂಗ ಮಾಡಿ ಹೇಳಬೇಕಿಲ್ಲ. ಹಿಂಗಾರಿ ಜೋಳ ಬಿತ್ತುವಾಗ ಕೂರಿಗೆ ಬಟ್ಟಲಿಗೆ ಬಿಡುವುದು ಬರೀ ಕಾಳು. ಆಳೆತ್ತರದ ದಂಟಾಗಲಿ ತೆನೆಯಾಗಲಿ ಆ ಕಾಳಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬಿತ್ತಿದ ಕಾಳು ಹಾಗೇ ತಿರುಗಿ ಕೈಗೆ ಬರುವುದಿಲ್ಲ, ಹಾಗಂತ ಜೋಳ ಬಿತ್ತಿದಲ್ಲಿ ಕಡಲೆಯೂ ಏಳುವುದಿಲ್ಲ. ಏಳುವ ದೇಹ ಬೇರೆ ರೂಪದ್ದು, ಆದರೆ ಅವರದೇ. ರೋಗ ತಿಂದ ಮೈಯೇ ಮತ್ತೆ ಬರುತ್ತದೇನೋ ಎಂಬ ಹೆದರಿಕೆ ಅವರಿಗಿದ್ದರೆ ಈ ಮಾತು ಹಿಡಿಸುತ್ತದೆ.

ಮಗನ ವಿಷಯ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ರೈಸ್ತರನ್ನು ಕೊಂದವರು, ಇವರು ಹೇಗೆ ಎದ್ದುಬರುತ್ತಾರೋ ನೋಡೋಣವೆಂದೇ ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿಹಾಕಿದರು. ಅದರಿಂದ ಸಭೆಯ ನಂಬಿಕೆಯೇನೂ ಕದಲಲಿಲ್ಲ. ಹೂಳುವುದು ಹಳೆಯ ರೂಢಿ, ಏಳುವುದಕ್ಕೆ ಷರತ್ತಲ್ಲ. ಕ್ಯಾಥೋಲಿಕರೂ 1963ರಿಂದ ದಹನಕ್ಕೆ ಅನುಮತಿ ಕೊಟ್ಟಿದ್ದಾರೆ. ಮಗನ ಗುರುತು ಸಿಗುವುದೇ ಎಂದು ಕೇಳಿದರೆ ಯೋಹಾನ 20 ತೆಗೆಯಿರಿ. ಎದ್ದುಬಂದ ಯೇಸುವನ್ನು ಮಗ್ದಲದ ಮರಿಯಳು ತೋಟದವನೆಂದುಕೊಂಡಳು. ಗುರುತು ಹತ್ತಿದ್ದು ಅವನು ‘ಮರಿಯಳೇ’ ಎಂದು ಹೆಸರು ಹಿಡಿದು ಕರೆದಾಗ. ಅದೇ ಅಧ್ಯಾಯದಲ್ಲಿ ತೋಮನಿಗೆ ತೋರಿಸಿದ ಕೈಗಳಲ್ಲಿ ಗಾಯದ ಗುರುತು ಹಾಗೇ ಇತ್ತು.

ಸಾವಿಗೂ ಪುನರುತ್ಥಾನಕ್ಕೂ ನಡುವೆ ಸತ್ತವರು ಎಲ್ಲಿರುತ್ತಾರೆ ಎಂಬುದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. ಆ ಚರ್ಚೆ ಹಾಸಿಗೆಯ ಪಕ್ಕ ಬೇಡವೇ ಬೇಡ. ‘ಇಂದೇ ನನ್ನ ಸಂಗಡ ಪರದೈಸಿನಲ್ಲಿರುವಿ’ ಎಂಬ ಲೂಕ 23:43 ಓದಿ, ಸಾಕು.

ಓದುವ ರೀತಿಯಲ್ಲೇ ಹೆಚ್ಚು ಎಡವಟ್ಟಾಗುತ್ತದೆ. ಬಂದವರು 58 ವಚನಗಳ ಆ ಕೊರಿಂಥ ಅಧ್ಯಾಯವನ್ನು ಇಡಿಯಾಗಿ ಓದುತ್ತಾರೆ, ಹತ್ತನೇ ವಚನಕ್ಕೆ ರೋಗಿಯ ಕಣ್ಣು ಮುಚ್ಚಿರುತ್ತದೆ. ಒಂದು ಸಲಕ್ಕೆ ಮೂರು–ನಾಲ್ಕು ವಚನ, ಕಿವಿಯ ಹತ್ತಿರ, ನಿಧಾನಕ್ಕೆ. ಬೆಳಿಗ್ಗೆ ಕೀರ್ತನೆ 23, ಅದಿರುವುದೇ ಆರು ವಚನ. ಸಂಜೆ ಯೋಹಾನ 14:1–3. ನೋವು ಜಾಸ್ತಿಯಿದ್ದ ರಾತ್ರಿ ರೋಮಾಪುರ 8:38–39 ಮಾತ್ರ. ಅವರಿಗೆ ಬಾಯಿಪಾಠವಾಗಿರುವ ಹಳೆಯ ಸತ್ಯವೇದವನ್ನೇ (ಕನ್ನಡ ಬೈಬಲ್) ಹಿಡಿಯಿರಿ, ಹೊಸ ಸರಳ ಅನುವಾದ ನಿಮಗೆ ತಿಳಿದರೂ ಅವರ ನಾಲಿಗೆಗೆ ಹೊಂದುವುದಿಲ್ಲ. (ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಚ್ಚಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಿಮ್ಮ ಪಕ್ಕದ ಬಳ್ಳಾರಿಯಲ್ಲೇ.) ಮಾತು ನಿಂತ ಮೇಲೂ ಓದುತ್ತಿರಿ. ಉತ್ತರ ಬರಲಿಲ್ಲವೆಂದರೆ ಕೇಳಿಸುತ್ತಿಲ್ಲವೆಂದಲ್ಲ.

ನೆಂಟರ ಪೈಕಿ ಯಾರಾದರೂ ‘ವಿಶ್ವಾಸ ಕಡಿಮೆ, ಅದಕ್ಕೇ ಗುಣವಾಗಿಲ್ಲ’ ಎಂದರೆ ಅಲ್ಲೇ ತಡೆಯಿರಿ, ಸೊಸೆಯೆಂದು ಹಿಂಜರಿಯಬೇಡಿ. ಪೌಲ ತನ್ನ ಮೈಯ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ (2 ಕೊರಿಂಥ 12). ಮಾರ್ಫಿನ್ ಕೊಟ್ಟಿದ್ದರೆ ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ನೋವು ಕಚ್ಚಿದ ಬಾಯಲ್ಲಿ ಪ್ರಾರ್ಥನೆ ಬರುವುದಿಲ್ಲ. ‘ಅಳಬೇಡಿ, ನಮಗೆ ನಿರೀಕ್ಷೆಯಿದೆ’ ಎನ್ನುವವರಿಗೆ ಯೋಹಾನ 11 ತೋರಿಸಿ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವುದು ಗೊತ್ತಿದ್ದೂ ಯೇಸು ಅತ್ತ. ನಾಲ್ಕು ದಿನದ ಹೆಣ, ನಾತ ಹೊಡೆಯುತ್ತದೆ ಎಂಬ ಲಾಜರನ ಸಹೋದರಿ ಮಾರ್ಥಳ ಮಾತನ್ನೂ ಆ ಅಧ್ಯಾಯ ಮುಚ್ಚಿಡುವುದಿಲ್ಲ.

ಸಭಾಪಾಲಕರನ್ನು ಪ್ರಜ್ಞೆಯಿರುವಾಗಲೇ ಕರೆಸಿ. ಕರ್ತನ ಭೋಜನ ಕೊಡುವುದಾದರೆ ಸಾಸಿವೆಯಷ್ಟು ರೊಟ್ಟಿಯ ಚೂರು, ದ್ರಾಕ್ಷಾರಸದಲ್ಲಿ ಅದ್ದಿ. ನುಂಗಲು ಆಗದಿದ್ದರೆ ತುಟಿಗೆ ಮುಟ್ಟಿಸಿದರೆ ಸಾಕೇ ಎಂದು ಅವರನ್ನೇ ಕೇಳಿ. ಕೊನೆಗಳಿಗೆಯಲ್ಲಿ ಬಾಯಿಗೆ ನೀರು ಬಿಡುವ ರೂಢಿ ನಿಮ್ಮ ಕಡೆಯೂ ಇದೆ, ಅವರ ಕಡೆಯೂ ಇದೆ. ನುಂಗುವ ಶಕ್ತಿ ಹೋದ ಮೇಲೆ ಒಂದು ಚಮಚ ನೀರೂ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಹತ್ತಿ ಒದ್ದೆ ಮಾಡಿ, ಹಿಂಡಿ, ತುಟಿಯನ್ನೂ ಒಸಡನ್ನೂ ಒರೆಸಿ. ಅವರಿಗೆ ಬೇಕಾಗಿರುವ ತಂಪು ಅಷ್ಟೇ. ನಾಳೆ ಏಳುವ ದೇಹವೆಂದು ನಂಬಿದವರು ಇವತ್ತಿನ ದೇಹದ ಬೆನ್ನಹುಣ್ಣನ್ನೂ ನೋಡಬೇಕು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ.

1 ಥೆಸಲೊನೀಕ 4:13–18ನ್ನು ಮಾತ್ರ ಈಗ ಓದಬೇಡಿ, ಅದು ಮಣ್ಣಾದ ಮೇಲೆ ಮನೆಯವರಿಗೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆ ಅಲ್ಲಿ, ದುಃಖಿಸಲೇಬೇಡಿ ಎಂದಿಲ್ಲ. ತೀರಿಕೊಂಡವರನ್ನು ಅದು ‘ನಿದ್ರೆಹೋದವರು’ ಎನ್ನುತ್ತದೆ. ನಿಮ್ಮ ತವರಲ್ಲಿ ‘ಲಿಂಗೈಕ್ಯ’ ಎನ್ನುತ್ತಾರೆ, ಇವರು ಕಾರ್ಡಿನ ಮೇಲೆ ‘ಕರ್ತನಲ್ಲಿ ನಿದ್ರೆಹೋದರು’ ಎಂದು ಹಾಕಿಸುವುದು ಇಲ್ಲಿಂದ. ಮಲಗಿದವರು ಏಳುತ್ತಾರೆ ಎಂಬುದೇ ಅದರ ಅರ್ಥ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಡುವ ಹಳೆಯ ಪದ್ಧತಿಯೂ ಹಾಗೆಯೇ: ಎದ್ದು ಕೂತರೆ ಮುಖ ಸೂರ್ಯ ಹುಟ್ಟುವ ಕಡೆಗಿರಲಿ ಎಂದು.

ಸಮಾಧಿಯ ಕಲ್ಲಿಗೆ ಅವಸರ ಬೇಡ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ತೋಡಿ ಮುಚ್ಚಿದ ಮಣ್ಣು ಕುಸಿಯುತ್ತದೆ. ತಿಂಗಳೊಳಗೆ ಕಾಂಕ್ರೀಟ್ ಹಾಕಿದರೆ ಬರುವ ವರ್ಷಕ್ಕೆ ಚಪ್ಪಡಿ ವಾಲಿ ಸೀಳಿರುತ್ತದೆ. ಒಂದು ಮಳೆಗಾಲ ಕಳೆಯಲಿ, ಅಲ್ಲಿಯತನಕ ಹೆಸರು ಬರೆದ ಮರದ ಶಿಲುಬೆ ಸಾಕು.