ಫೈಲು ಹೊರಿಸಿದರು, ಕೇಸು ವಹಿಸಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಜಿಲ್ಲಾ ಕೇಂದ್ರವೊಂದರ ಸಿವಿಲ್ ವಕೀಲರು, ವಯಸ್ಸು 58. ನಿದ್ದೆ ಬರುತ್ತಿಲ್ಲ ಎಂದು ನನ್ನಲ್ಲಿ ಸಲಹೆಗೆ ಬಂದರು. ಒಂದೇ ವರ್ಷದಲ್ಲಿ ಮೂವರು ಜೂನಿಯರುಗಳು ಆಫೀಸು ಬಿಟ್ಟಿದ್ದರು. ಕೊನೆಯವಳನ್ನು ಕೋರ್ಟಿನ ವರಾಂಡದಲ್ಲಿ, ಕಕ್ಷಿದಾರನ ಎದುರಿಗೇ, ಫೈಲು ಬೆಂಚಿಗೆ ಕುಕ್ಕಿ ಬೈದಿದ್ದರು. ಕಾರಣ, ತಪ್ಪಿದ ಗಡುವು: ಪ್ರತಿವಾದಿ ದಾವೆಗೆ ಲಿಖಿತ ಹೇಳಿಕೆ (ಉತ್ತರ) ಸಲ್ಲಿಸಲು ಸಮನ್ಸ್ ಜಾರಿಯಾದಲ್ಲಿಂದ 30 ದಿನ, ಕೋರ್ಟು ಅವಕಾಶ ಕೊಟ್ಟರೆ 90. ಆ 90ನೆಯ ದಿನವೂ ದಾಟಿತ್ತು. ಸಾಮಾನ್ಯ ದಾವೆಯಾದ್ದರಿಂದ ಕಾರಣ ತೋರಿಸಿ ಅರ್ಜಿ ಹಾಕುವ ದಾರಿ ಉಳಿದಿತ್ತು. ವಾಣಿಜ್ಯ ದಾವೆಯಲ್ಲಿ 120 ದಿನ ಕಳೆದರೆ ಅದೂ ಇಲ್ಲ.

"ಹೇಳಿದ್ದೆ, ಅವಳೇ ಮರೆತಳು" ಎಂದರು. ಯಾವತ್ತು ಹೇಳಿದಿರಿ ಎಂದರೆ ನೆನಪಿಲ್ಲ. ಡೈರಿ ತೆರೆಸಿದಾಗ ವಿಷಯ ಗೊತ್ತಾಯಿತು: ಅದರಲ್ಲಿ ಇದ್ದದ್ದು ಮುಂದಿನ ವಾಯಿದೆ (ವಿಚಾರಣೆಯ ದಿನ) ಮಾತ್ರ. ಸಮನ್ಸ್ ಜಾರಿಯಾದ ತಾರೀಖು ಅವರ ತಲೆಯಲ್ಲಿತ್ತು. ನಡುರಾತ್ರಿ ಎಚ್ಚರಿಸುತ್ತಿದ್ದದ್ದೂ ಇಂಥ ತಾರೀಖುಗಳೇ. ಜೂನಿಯರುಗಳಿಗೆ ಸಿಕ್ಕಿದ್ದು ವಾಯಿದೆ ಕೇಳುವುದು, ಝೆರಾಕ್ಸ್ ಮಾಡಿಸುವುದು. ಅವರು ಬರೆದ ಕರಡನ್ನು ಸರ್ ಪೂರ್ತಿ ಹೊಡೆದುಹಾಕಿ ತಾವೇ ಬರೆಯುತ್ತಿದ್ದರು. ಹಾಗಾದರೆ ಯಾರು ತಾನೆ ಮನಸ್ಸಿಟ್ಟು ಬರೆದಾರು?

ಕೊಟ್ಟ ಸಲಹೆ: ಗಡುವುಗಳಿಗೇ ಬೇರೆ ರಿಜಿಸ್ಟರ್. ಕೇಸು, ಗಡುವು ಶುರುವಾದ ದಿನ, ಕೊನೆಯ ದಿನ, ಹೊಣೆ ಹೊತ್ತವರ ಹೆಸರು. ಹೆಸರು ಒಂದೇ ಇರಬೇಕು; ಇಬ್ಬರದು ಬರೆದರೆ ಇಬ್ಬರೂ ಇನ್ನೊಬ್ಬರನ್ನು ನಂಬಿ ಕೂರುತ್ತಾರೆ. ಕರಡು 15 ದಿನ ಮೊದಲೇ ಮೇಜಿಗೆ ಬರಲಿ. ತಿದ್ದುವಾಗ ಅಂಚಿನಲ್ಲಿ ಕಾರಣ ಬರೆದು ವಾಪಸು ಕೊಡಿ, ಅವರೇ ಮತ್ತೆ ಬರೆಯಲಿ. ಆರಂಭಕ್ಕೆ ಪ್ರತಿ ಜೂನಿಯರ್‌ಗೂ ಎರಡು ಸಣ್ಣ ದಾವೆ, ಮೊದಲಿಂದ ಪಾಟೀಸವಾಲಿನವರೆಗೆ. ತಪ್ಪಾದರೆ ಅದೇ ದಿನ, ಬಾಗಿಲು ಹಾಕಿ, ಆ ಒಂದು ತಪ್ಪಿನ ಬಗ್ಗೆ ಮಾತ್ರ ಮಾತು. ಸ್ಟೈಪೆಂಡಿಗೂ ತಿಂಗಳ ಒಂದು ತಾರೀಖು ನಿಗದಿಯಾಗಲಿ. ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲೇ ಶಿಫಾರಸು ಮಾಡಿದೆ.

ರಿಜಿಸ್ಟರ್ ನೋಡಲೆಂದು ಶುರುವಾದ ಸಂಜೆಯ 15 ನಿಮಿಷದ ಸಭೆ ಮೊದಲ ವಾರ ಕೆಟ್ಟಿತು. ಅವರೊಬ್ಬರೇ ಮಾತಾಡಿದರು. ಎರಡನೆಯ ವಾರದಿಂದ ಗುಮಾಸ್ತರು ರಿಜಿಸ್ಟರ್ ಓದುತ್ತಾರೆ, ಹೆಸರಿದ್ದವರು ಉತ್ತರಿಸುತ್ತಾರೆ, ಸರ್ ಕೊನೆಗೆ ಮಾತಾಡುತ್ತಾರೆ. ಆರನೆಯ ವಾರಕ್ಕೆ ಎರಡು ಕರಡುಗಳು ಹೇಳಿದ ದಿನಕ್ಕೇ ಬಂದಿದ್ದವು. ಬಿಟ್ಟುಹೋದ ಹುಡುಗಿಗೆ ಫೋನು ಮಾಡಿ ತಪ್ಪಾಯಿತೆನ್ನುವ ಕೆಲಸ ಇನ್ನೂ ಬಾಕಿ. ಮುಂದಿನ ಭೇಟಿ ಅದರ ಬಗ್ಗೆಯೇ.